ಐಎಸ್‌ಒ ಫೈಲನ್ನು ಅಳಿಸಿ ಮತ್ತೆ ಡೌನ್‌ಲೋಡ್ ಮಾಡುವ ಮೊದಲು

ಕಳೆದ ಮಳೆಗಾಲದಲ್ಲಿ ಪದವಿ ಓದುತ್ತಿರುವ ಹುಡುಗನೊಬ್ಬ ತನ್ನ ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಲಿನಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು 24.04 ಹಾಕಿಕೊಳ್ಳಬೇಕೆಂದು ಆರು ಜಿಬಿಗೆ ಹತ್ತಿರದ ಐಎಸ್‌ಒ ಫೈಲನ್ನು ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಇಳಿಸಿಕೊಂಡಿದ್ದ. ಅವನಿಗೆ ದಿನಕ್ಕೆ ಸಿಗುವುದು 2 ಜಿಬಿ ಡೇಟಾ. ಒಂದು ಫೈಲಿಗೆ ಮೂರು ದಿನ ಬೇಕು. ಇನ್‌ಸ್ಟಾಲ್ ಅರ್ಧಕ್ಕೆ ನಿಂತಾಗ ಫೈಲ್ ಕೆಟ್ಟಿರಬೇಕೆಂದುಕೊಂಡು ಅಳಿಸಿದ, ಮತ್ತೆ ಇಳಿಸಿದ. ಅದೂ ನಿಂತಿತು. ಮತ್ತೊಮ್ಮೆ ಇಳಿಸಿದ. ಒಂಬತ್ತು ದಿನ ಕಳೆದ ಮೇಲೆ ಅವನ ತೀರ್ಮಾನ ಇಷ್ಟು: “ಸರ್, ಸರ್ವರ್‌ನಲ್ಲಿರುವ ಫೈಲೇ ಕೆಟ್ಟಿದೆ.”

ಅವನ ಬಳಿ ಉಳಿದಿದ್ದ ಮೂರನೆಯ ಫೈಲನ್ನು ಪರೀಕ್ಷಿಸಿದೆ. ಅದರಲ್ಲಿ ಒಂದು ಬಿಟ್ ಕೂಡ ಆಚೀಚೆ ಆಗಿರಲಿಲ್ಲ. ಪರೀಕ್ಷೆಗೆ ಹಿಡಿದದ್ದು ಒಂದೇ ನಿಮಿಷ. ಆ ಒಂದು ನಿಮಿಷದ ಕೆಲಸವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದು ನನಗೆ ತುಂಬ ಬೇಸರ ತಂದಿತು. ಈ ಬರಹ ಅಂಥವರಿಗಾಗಿ. ದೋಷ ಎಲ್ಲಿದೆಯೆಂದು ತಿಳಿಯುವ ತನಕ ಫೈಲನ್ನು ಅಳಿಸಬೇಡಿ. ನಿಜವಾಗಿ ಕೆಟ್ಟಿದ್ದರೂ ಅಳಿಸಬೇಡಿ; ಬಹಳಷ್ಟು ಸಲ ಅದನ್ನು ರಿಪೇರಿ ಮಾಡಬಹುದು.

ಐಎಸ್‌ಒ ಎಂದರೆ ಒಂದು ಡಿಸ್ಕ್‌ನಲ್ಲಿರುವುದನ್ನೆಲ್ಲ ಇದ್ದ ಕ್ರಮದಲ್ಲೇ ಒಂದೇ ಫೈಲಿನೊಳಗೆ ಇಳಿಸಿಟ್ಟ ಪಡಿಯಚ್ಚು. ಸಿ.ಡಿ.ಗಳಿಗಾಗಿ ರೂಪಿಸಿದ ಐಎಸ್‌ಒ 9660 ಎಂಬ ಮಾನದಂಡದಿಂದ ಆ ಹೆಸರು ಬಂದಿದೆ. ಈ ಪಡಿಯಚ್ಚು ಸರ್ವರ್‌ನಿಂದ ಹೊರಟು, ನೆಟ್‌ವರ್ಕ್ ದಾಟಿ, ನಿಮ್ಮ ಹಾರ್ಡ್‌ಡಿಸ್ಕ್‌ಗೆ ಬಂದು, ಅಲ್ಲಿಂದ ಪೆನ್‌ಡ್ರೈವ್‌ಗೆ ಹೋಗಿ, ಕೊನೆಗೆ ಇನ್ನೊಂದು ಯಂತ್ರದಲ್ಲಿ ಬೂಟ್ ಆಗಬೇಕು, ಎಂದರೆ ಆ ಯಂತ್ರ ಅದರಿಂದಲೇ ಚಾಲೂ ಆಗಬೇಕು. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ತೊಡಕಾಗಬಹುದು, ಆದರೆ ಅದು ಕಣ್ಣಿಗೆ ಬೀಳುವುದು ಕೊನೆಯ ಮೆಟ್ಟಿಲಿನಲ್ಲಿ. ಹಾಗಾಗಿ ಮೊದಲ ಮೆಟ್ಟಿಲಿನಿಂದ ನೋಡುತ್ತ ಬರಬೇಕು.

ಬೈಟ್‌ಗಳನ್ನು ಎಣಿಸಿ

ಮೊದಲು ಫೈಲಿನ ಹೆಸರಿನ ಬಾಲ ನೋಡಿ. ಕ್ರೋಮ್‌ನಲ್ಲಿ ಅದು ‘ಸಿಆರ್‌ಡೌನ್‌ಲೋಡ್’ ಎಂದೋ, ಫೈರ್‌ಫಾಕ್ಸ್‌ನಲ್ಲಿ ‘ಪಾರ್ಟ್’ ಎಂದೋ ಇದ್ದರೆ ಡೌನ್‌ಲೋಡ್ ಇನ್ನೂ ಮುಗಿದಿಲ್ಲ. ಅದನ್ನು ಐಎಸ್‌ಒ ಎಂದು ಮರುಹೆಸರಿಸಿದರೆ ಫೈಲ್ ಪೂರ್ತಿಯಾಗುವುದಿಲ್ಲ.

ಆಮೇಲೆ ಗಾತ್ರ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಜಿಬಿ ಲೆಕ್ಕದ ಪಕ್ಕದಲ್ಲಿ ಪೂರ್ತಿ ಬೈಟ್ ಸಂಖ್ಯೆಯೂ ಇರುತ್ತದೆ. ತಾಣ ಹೇಳುವ ಗಾತ್ರದೊಡನೆ ಹೋಲಿಸಬೇಕಾದದ್ದು ಆ ಬೈಟ್ ಸಂಖ್ಯೆಯನ್ನು. ಏಕೆಂದರೆ ವಿಂಡೋಸ್ ಒಂದು ಜಿಬಿಯನ್ನು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಮ್ಯಾಕ್ 1000ದ ಲೆಕ್ಕದಲ್ಲಿ. 600 ಕೋಟಿ ಬೈಟ್‌ಗಳ ಒಂದೇ ಫೈಲ್ ಮ್ಯಾಕ್‌ನಲ್ಲಿ 6 ಜಿಬಿ, ವಿಂಡೋಸ್‌ನಲ್ಲಿ 5.58 ಜಿಬಿ. ಈ ವ್ಯತ್ಯಾಸ ನೋಡಿ “ನಾನೂರು ಎಂಬಿ ಕಡಿಮೆ ಬಂದಿದೆ” ಎಂದು ಒಳ್ಳೆಯ ಫೈಲನ್ನು ಅಳಿಸಿದವರನ್ನು ನಾನು ಕಂಡಿದ್ದೇನೆ.

ಫೈಲ್ ಕೆಲವೇ ಕೆಬಿ ಇದ್ದರೆ ಅದು ಐಎಸ್‌ಒ ಅಲ್ಲ, ಐಎಸ್‌ಒ ಹೆಸರು ಹೊತ್ತ ಒಂದು ವೆಬ್ ಪುಟ. ಹಾಸ್ಟೆಲ್, ಕಾಲೇಜು, ಲಾಡ್ಜ್‌ಗಳ ವೈಫೈಯಲ್ಲಿ ಲಾಗಿನ್ ಅವಧಿ ಮುಗಿದಾಗ ನೀವು ಕೇಳಿದ ಫೈಲಿನ ಬದಲು ಲಾಗಿನ್ ಪುಟವೇ ಆ ಹೆಸರಿನಲ್ಲಿ ಉಳಿದುಬಿಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರೆ ಗೊತ್ತಾಗುತ್ತದೆ.

ಫೈಲ್ ಸರಿಯಾಗಿ 4,294,967,295 ಬೈಟ್‌ಗಳಿಗೆ, ಅಥವಾ ಅದರ ಹತ್ತಿರ, ನಿಂತಿದ್ದರೆ ನೆಟ್‌ವರ್ಕನ್ನು ದೂರಬೇಡಿ. ನೀವು ಇಳಿಸುತ್ತಿರುವ ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆ. ಆ ಮಾದರಿಯಲ್ಲಿ ಒಂದು ಫೈಲ್ ಅದಕ್ಕಿಂತ ದೊಡ್ಡದಾಗಲಾರದು. ಎಷ್ಟು ಸಲ ಇಳಿಸಿದರೂ ಅಲ್ಲಿಗೇ ನಿಲ್ಲುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರುವ ಕಡೆ ಇಳಿಸಿಕೊಳ್ಳಿ.

ಇವೆರಡೂ ಅಲ್ಲದೆ ಗಾತ್ರ ಕಡಿಮೆಯಿದ್ದರೆ ಸಂಪರ್ಕ ನಡುವೆ ಕಡಿದಿದೆ. ನಮ್ಮಲ್ಲಿ ಇದಕ್ಕೆ ದೊಡ್ಡ ಕಾರಣ ದಿನದ ಡೇಟಾ ಮಿತಿ. ಮಿತಿ ಮುಗಿದ ಮೇಲೆ ಹಲವು ಯೋಜನೆಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಒಂದು ಜಿಬಿ ಬರಲು ಸುಮಾರು 35 ಗಂಟೆ ಬೇಕು. ಅಷ್ಟು ಹೊತ್ತು ಯಾವ ಸರ್ವರ್ ಕಾಯುತ್ತದೆ? ಇಂಥ ಫೈಲನ್ನು ಹೊಸದಾಗಿ ಇಳಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಲಿನಕ್ಸ್‌ನಲ್ಲಿ ‘ಡಬ್ಲ್ಯುಗೆಟ್’ ಆದೇಶಕ್ಕೆ ‘ಸಿ’ ಎಂಬ ಆಯ್ಕೆ ಕೊಟ್ಟರೆ ಅರ್ಧ ಫೈಲಿನ ತುದಿಯಿಂದ ಮುಂದಕ್ಕೆ ಕೇಳುತ್ತದೆ. ವಿಂಡೋಸ್‌ನಲ್ಲಿ ಯಾವುದಾದರೂ ಡೌನ್‌ಲೋಡ್ ಮ್ಯಾನೇಜರ್ ಇದೇ ಕೆಲಸ ಮಾಡುತ್ತದೆ. ಮೈಕ್ರೋಸಾಫ್ಟ್ ತಾಣ ಕೊಡುವ ಐಎಸ್‌ಒ ಕೊಂಡಿಗೆ ಆಯುಷ್ಯ 24 ಗಂಟೆ ಮಾತ್ರ. ಮೂರು ದಿನ ಇಳಿಸುವವರು ಪ್ರತಿದಿನ ಹೊಸ ಕೊಂಡಿ ಪಡೆದು, ಮ್ಯಾನೇಜರ್‌ನಲ್ಲಿ ಹಳೆಯ ಕೊಂಡಿಯ ಜಾಗದಲ್ಲಿ ಅದನ್ನು ಹಾಕಬೇಕು. ಭಾಷೆ, ಆವೃತ್ತಿ ಎರಡೂ ಅದೇ ಇರಲಿ.

ಹ್ಯಾಶ್ ಹೇಳುವ ಮಾತು

ಗಾತ್ರ ಸರಿಯಿದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಸರಿಯಿದೆ ಎಂದಲ್ಲ. ಅದಕ್ಕಾಗಿ ಎಸ್‌ಎಚ್‌ಎ256 ಎಂಬ ಲೆಕ್ಕ ಇದೆ. ಫೈಲಿನ ಪ್ರತಿಯೊಂದು ಬೈಟನ್ನೂ ಓದಿ 64 ಅಕ್ಷರಗಳ ಒಂದು ಸಾಲನ್ನು ಅದು ಕೊಡುತ್ತದೆ; ಆ ಸಾಲಿಗೇ ಹ್ಯಾಶ್ ಎಂದು ಹೆಸರು. ಆರು ಜಿಬಿಯಲ್ಲಿ ಒಂದೇ ಬಿಟ್ ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಐಎಸ್‌ಒ ಕೊಡುವ ತಾಣವೇ ಆ ಸಾಲನ್ನೂ ಪ್ರಕಟಿಸಿರುತ್ತದೆ. ವಿಂಡೋಸ್ 11ರ ಡೌನ್‌ಲೋಡ್ ಪುಟದಲ್ಲೂ ಪ್ರತಿ ಭಾಷೆಗೆ ಒಂದರಂತೆ ಇದೆ.

ಲಿನಕ್ಸ್‌ನಲ್ಲಿ ‘ಎಸ್‌ಎಚ್‌ಎ256ಸಮ್’ ಎಂದು ಬರೆದು ಫೈಲಿನ ಹೆಸರು ಕೊಡಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ (ಆದೇಶ ಬರೆಯುವ ಕಿಟಕಿ) ‘ಗೆಟ್-ಫೈಲ್‌ಹ್ಯಾಶ್’ ಇದೆ, ಬೇರೇನೂ ಹೇಳದಿದ್ದರೆ ಅದು ಎಸ್‌ಎಚ್‌ಎ256 ಲೆಕ್ಕವನ್ನೇ ಮಾಡುತ್ತದೆ. ಹಳೆಯ ‘ಸರ್ಟ್‌ಯುಟಿಲ್’ ಬಳಸುವವರು ಒಂದು ವಿಷಯ ಗಮನಿಸಬೇಕು. ಅದಕ್ಕೆ ಲೆಕ್ಕದ ಹೆಸರನ್ನು ಕೊನೆಯಲ್ಲಿ ಹೇಳದಿದ್ದರೆ ಎಸ್‌ಎಚ್‌ಎ1 ಲೆಕ್ಕ ಮಾಡಿ 40 ಅಕ್ಷರ ಕೊಡುತ್ತದೆ. 40 ಅಕ್ಷರವನ್ನು ತಾಣದ 64 ಅಕ್ಷರದ ಜೊತೆ ಹೋಲಿಸಿ “ಹೊಂದುತ್ತಿಲ್ಲ” ಎಂದು ಕೈಚೆಲ್ಲಿದವರು ಬಹಳ ಮಂದಿ. ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸಕ್ಕೆ ಅರ್ಥವಿಲ್ಲ. ಕಣ್ಣಿನಿಂದ ಹೋಲಿಸುವುದಕ್ಕಿಂತ, ನಿಮಗೆ ಬಂದ ಸಾಲನ್ನು ಕಾಪಿ ಮಾಡಿ ತಾಣದ ಪುಟದಲ್ಲಿ ಹುಡುಕಿಸಿ. ಸಿಕ್ಕಿತೆಂದರೆ ಸರಿ.

ಈಗ ಉತ್ತರದ ಅರ್ಥ ನೋಡೋಣ.

ಹೊಂದಿದರೆ ಸರ್ವರ್, ನೆಟ್‌ವರ್ಕ್, ಡೌನ್‌ಲೋಡ್ ಮೂರೂ ಆರೋಪದಿಂದ ಮುಕ್ತ. ಆ ಫೈಲನ್ನು ಮತ್ತೆ ಇಳಿಸುವ ಯೋಚನೆಯನ್ನೇ ಬಿಟ್ಟುಬಿಡಿ. ನೇರವಾಗಿ ಪೆನ್‌ಡ್ರೈವ್ ಕಡೆಗೆ ಹೋಗಿ.

ಹೊಂದದಿದ್ದರೆ, ಅದೇ ಫೈಲಿಗೆ ಇನ್ನೊಮ್ಮೆ ಲೆಕ್ಕ ಮಾಡಿಸಿ. ಈ ಎರಡನೆಯ ಸಲವನ್ನು ಯಾರೂ ಮಾಡುವುದಿಲ್ಲ, ಆದರೆ ಇದು ಬಹಳ ಬೆಲೆಯುಳ್ಳದ್ದು. ಎರಡೂ ಸಲ ಒಂದೇ ತಪ್ಪು ಸಾಲು ಬಂದರೆ ಫೈಲ್ ಕೆಟ್ಟಿದೆ, ಇಲ್ಲವೇ ನೀವು ಬೇರೆ ಆವೃತ್ತಿಯ ಸಾಲಿನೊಡನೆ ಹೋಲಿಸುತ್ತಿದ್ದೀರಿ. 24.04.1ರ ಸಾಲು 24.04.2ಕ್ಕೆ ಹೊಂದುವುದಿಲ್ಲ. ಆದರೆ ಎರಡು ಸಲ ಎರಡು ಬೇರೆ ಸಾಲು ಬಂದರೆ ಅದು ಗಂಭೀರ ವಿಷಯ. ಬದಲಾಗದ ಫೈಲಿನ ಲೆಕ್ಕ ಬದಲಾಗಲು ಕಾರಣ ಓದುವ ಯಂತ್ರದಲ್ಲೇ ಇದೆ: ರ‍್ಯಾಮ್ ಕೆಟ್ಟಿರಬೇಕು, ಅಥವಾ ಡಿಸ್ಕ್, ಕೇಬಲ್, ಯುಎಸ್‌ಬಿ ಸಂಪರ್ಕ ಯಾವುದೋ ಒಂದು. ಆ ಕಂಪ್ಯೂಟರಿನಲ್ಲಿ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ಅಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ, ಕೆಲವು ಗಂಟೆ ಬಿಡಿ. ಒಂದೇ ಒಂದು ದೋಷ ತೋರಿಸಿದರೂ ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಪರೀಕ್ಷಿಸಿ.

ಹ್ಯಾಶ್ ಬಗ್ಗೆ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಫೈಲ್ ತಾನಾಗಿ ಕೆಟ್ಟಿಲ್ಲ ಎಂಬುದಕ್ಕೆ ಹ್ಯಾಶ್ ಸಾಕ್ಷಿ. ಯಾರೂ ಬೇಕೆಂದೇ ಬದಲಿಸಿಲ್ಲ ಎಂಬುದಕ್ಕೆ ಅದೊಂದೇ ಸಾಲದು. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಕದ್ದು ಒಳನುಗ್ಗಲು ಹಿಂಬಾಗಿಲು ಇಟ್ಟಿದ್ದ ಐಎಸ್‌ಒ ಕಡೆಗೆ ತಿರುಗಿಸಿದ್ದರು. ತಾಣವೇ ಕೈತಪ್ಪಿದಾಗ ಅದೇ ತಾಣದ ಹ್ಯಾಶನ್ನೂ ಬದಲಿಸಬಹುದು. ಅದಕ್ಕಾಗಿಯೇ ಉಬುಂಟು, ಡೆಬಿಯನ್, ಮಿಂಟ್ ಮುಂತಾದವು ಹ್ಯಾಶ್ ಪಟ್ಟಿಗೆ ತಮ್ಮ ಗುಟ್ಟಿನ ಕೀಲಿಯಿಂದ ಜಿಪಿಜಿ ಎಂಬ ಡಿಜಿಟಲ್ ಸಹಿ ಹಾಕಿ ಇಡುತ್ತವೆ. ಸಹಿ ಪರೀಕ್ಷಿಸಿದಾಗ ‘ಗುಡ್ ಸಿಗ್ನೇಚರ್’ ಎಂಬುದರ ಕೆಳಗೆ ಕೀಲಿಯನ್ನು ಯಾರೂ ದೃಢೀಕರಿಸಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಅದು ದೋಷವಲ್ಲ. ಆ ಕೀಲಿಯ ಬೆರಳಚ್ಚನ್ನು (ಅದನ್ನು ಗುರುತಿಸುವ ಅಂಕೆ-ಅಕ್ಷರಗಳ ಸಾಲು) ಯೋಜನೆಯ ಅಧಿಕೃತ ದಾಖಲೆಯಲ್ಲಿರುವುದರ ಜೊತೆ ನೀವೇ ಹೋಲಿಸಿಕೊಳ್ಳಬೇಕೆಂದು ಅದರ ಅರ್ಥ. ಫೈಲನ್ನು ಹತ್ತಿರದ ಮಿರರ್‌ನಿಂದ (ಅದೇ ಫೈಲ್‌ಗಳ ನಕಲು ಇಟ್ಟಿರುವ ಸರ್ವರ್) ಇಳಿಸಿ, ಆದರೆ ಹ್ಯಾಶ್ ಮತ್ತು ಸಹಿಯನ್ನು ಮೂಲ ತಾಣದಿಂದಲೇ ತೆಗೆದುಕೊಳ್ಳಿ.

ಕೆಟ್ಟ ಫೈಲಿನ ರಿಪೇರಿ

ಗಾತ್ರ ಸರಿಯಿದೆ, ಹ್ಯಾಶ್ ತಪ್ಪಿದೆ. ಎಂದರೆ ನಡುವೆ ಎಲ್ಲೋ ಕೆಲವು ಬೈಟ್‌ಗಳು ಕೆಟ್ಟಿವೆ. ಇಂಥ ಕಡೆ ‘ಡಬ್ಲ್ಯುಗೆಟ್’ ಕೈಕಟ್ಟಿ ನಿಲ್ಲುತ್ತದೆ, ಏಕೆಂದರೆ ಅದು ನೋಡುವುದು ಉದ್ದವನ್ನು ಮಾತ್ರ. ಉದ್ದ ಪೂರ್ತಿಯಾಗಿದೆ, ತನಗೆ ಕೆಲಸವಿಲ್ಲ ಎನ್ನುತ್ತದೆ. ಇಲ್ಲಿ ನೆರವಿಗೆ ಬರುವುದು, ಫೈಲನ್ನು ಅದು ಈಗಾಗಲೇ ಇರುವ ಹಲವರ ಕಂಪ್ಯೂಟರುಗಳಿಂದ ತುಂಡು ತುಂಡಾಗಿ ತರಿಸುವ ಟಾರೆಂಟ್.

ಟಾರೆಂಟ್ ಎಂದರೆ ಕದ್ದ ಸಿನಿಮಾ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಉಬುಂಟು, ಡೆಬಿಯನ್, ಮಿಂಟ್ ಎಲ್ಲವೂ ತಮ್ಮ ಐಎಸ್‌ಒಗಳಿಗೆ ಅಧಿಕೃತ ಟಾರೆಂಟ್ ಫೈಲ್‌ಗಳನ್ನು ತಾವೇ ಕೊಡುತ್ತವೆ. ಟಾರೆಂಟ್ ಫೈಲಿನೊಳಗೆ ಇಡೀ ಐಎಸ್‌ಒವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಬೇರೆ ಬೇರೆ ಹ್ಯಾಶ್ ಬರೆದಿರುತ್ತದೆ. ಹೀಗಾಗಿ ಯಾವ ತುಂಡು ಕೆಟ್ಟಿದೆ ಎಂದು ಅದು ಬೆರಳಿಟ್ಟು ತೋರಿಸಬಲ್ಲದು.

ಮಾಡುವ ಬಗೆ ಹೀಗೆ. ನಿಮ್ಮಲ್ಲಿರುವ ಐಎಸ್‌ಒದ ಅದೇ ಆವೃತ್ತಿಯ ಟಾರೆಂಟ್ ಫೈಲನ್ನು ಅಧಿಕೃತ ತಾಣದಿಂದ ತೆಗೆದುಕೊಳ್ಳಿ. ಕ್ಯೂಬಿಟ್‌ಟಾರೆಂಟ್ ಅಥವಾ ಟ್ರಾನ್ಸ್‌ಮಿಷನ್ ಎಂಬ ಟಾರೆಂಟ್ ತಂತ್ರಾಂಶದಲ್ಲಿ ಅದನ್ನು ಸೇರಿಸಿ, ಆದರೆ ಶುರು ಮಾಡಬೇಡಿ. ಕೆಟ್ಟ ಐಎಸ್‌ಒ ಇರುವ ಫೋಲ್ಡರನ್ನೇ ಉಳಿಸುವ ಜಾಗವಾಗಿ ತೋರಿಸಿ. ಹೆಸರು ಅಕ್ಷರಶಃ ಒಂದೇ ಇರಬೇಕು. ಮುನ್ನೆಚ್ಚರಿಕೆಗೆ ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರಿ. ಈಗ ಮರುಪರಿಶೀಲನೆಯ ಆಯ್ಕೆ ಒತ್ತಿ. ಕೆಲವು ನಿಮಿಷ ಫೈಲನ್ನು ಓದಿ 99.8 ಶೇಕಡಾ ಪೂರ್ತಿಯಾಗಿದೆ ಎಂಬಂಥ ಉತ್ತರ ಕೊಡುತ್ತದೆ. ಆಮೇಲೆ ಶುರು ಮಾಡಿ. ಕೆಟ್ಟ ತುಂಡುಗಳು ಮಾತ್ರ ಹೊಸದಾಗಿ ಬರುತ್ತವೆ. ಆರು ಜಿಬಿ ಇಳಿಸಬೇಕಾಗಿದ್ದ ಕಡೆ ಹತ್ತೋ ಹನ್ನೆರಡೋ ಎಂಬಿಯಲ್ಲಿ ಕೆಲಸ ಮುಗಿಯುವುದನ್ನು ಮೊದಲ ಸಲ ನೋಡಿದಾಗ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಮುಗಿದ ಮೇಲೆ ಹ್ಯಾಶನ್ನು ಮತ್ತೊಮ್ಮೆ ನೋಡಿ.

ಮರುಪರಿಶೀಲನೆ ಶೇಕಡಾ ಸೊನ್ನೆ ತೋರಿಸಿದರೆ ಆವೃತ್ತಿ ಬೇರೆ, ಅಥವಾ ಫೋಲ್ಡರ್ ತಪ್ಪಿದೆ. 40 ಶೇಕಡಾ ತೋರಿಸಿ ಆಮೇಲಿನದೆಲ್ಲ ಕೆಟ್ಟಿದೆ ಎಂದರೆ, ನೀವು ಮುಂದುವರಿಸಿದ ದಿನ ಸರ್ವರ್‌ನಲ್ಲಿ ಫೈಲೇ ಬದಲಾಗಿತ್ತು: ಮೊದಲ ಭಾಗ ಒಂದು ಆವೃತ್ತಿ, ಉಳಿದದ್ದು ಇನ್ನೊಂದು. ದಿನದಿನವೂ ಹೊಸದಾಗಿ ಕಟ್ಟುವ ಪರೀಕ್ಷಾ ಆವೃತ್ತಿಗಳನ್ನು ಎರಡು ದಿನಗಳಲ್ಲಿ ಇಳಿಸಿದರೆ ಹೀಗಾಗುತ್ತದೆ. ಕಾಲೇಜಿನ ನೆಟ್‌ವರ್ಕ್‌ನಲ್ಲಿ ಟಾರೆಂಟ್ ತಡೆದಿರುವುದು ಸಾಮಾನ್ಯ. ಕೆಟ್ಟ ತುಂಡುಗಳಿಗೆ ಬೇಕಾದ ಅಷ್ಟು ಎಂಬಿಗೆ ಮೊಬೈಲ್ ಡೇಟಾ ಸಾಕು.

ಮೈಕ್ರೋಸಾಫ್ಟ್ ಅಧಿಕೃತ ಟಾರೆಂಟ್ ಕೊಡುವುದಿಲ್ಲ. ಅಪರಿಚಿತರು ಕೊಡುವ ವಿಂಡೋಸ್ ಟಾರೆಂಟ್‌ಗಳನ್ನು ದಯವಿಟ್ಟು ಮುಟ್ಟಬೇಡಿ.

ಪೆನ್‌ಡ್ರೈವ್

ಫೈಲ್ ಸರಿಯಿದೆ, ಆದರೂ ಯಂತ್ರ ಬೂಟ್ ಆಗುವುದಿಲ್ಲ. ಪೆನ್‌ಡ್ರೈವ್ ತೆರೆದು ನೋಡಿ. ಒಳಗೆ ಐಎಸ್‌ಒ ಎಂಬ ಒಂದೇ ದೊಡ್ಡ ಫೈಲ್ ಕಾಣಿಸಿದರೆ, ಮತ್ತು ನೀವು ವೆಂಟಾಯ್ (ಕಾಪಿ ಮಾಡಿದ ಐಎಸ್‌ಒದಿಂದಲೇ ಬೂಟ್ ಮಾಡಿಸುವ ತಂತ್ರಾಂಶ) ಬಳಸಿಲ್ಲದಿದ್ದರೆ, ಕಾರಣ ಸಿಕ್ಕಿತು: ಫೈಲನ್ನು ಕಾಪಿ ಮಾಡಿದ್ದೀರಿ, ಬರೆದಿಲ್ಲ. ಪಡಿಯಚ್ಚನ್ನು ಪೆಟ್ಟಿಗೆಯೊಳಗೆ ಇಟ್ಟರೆ ಸಾಲದು, ಅದನ್ನು ಪೆನ್‌ಡ್ರೈವ್ ಮೇಲೆ ಒತ್ತಬೇಕು. ರೂಫಸ್, ಬಲೇನಾ ಎಚ್ಚರ್‌ಗಳಂಥ ತಂತ್ರಾಂಶ ಇರುವುದು ಅದಕ್ಕಾಗಿಯೇ. ವಿನ್‌ರಾರ್ ಇರುವ ಕಂಪ್ಯೂಟರಿನಲ್ಲಿ ಐಎಸ್‌ಒಗೆ ಪುಸ್ತಕದ ಕಟ್ಟಿನ ಚಿತ್ರ ಕಾಣುವುದರಿಂದ ಅದನ್ನು ಜಿಪ್ ಎಂದು ಭಾವಿಸಿ ಬಿಡಿಸುವವರೂ ಇದ್ದಾರೆ. ಅದನ್ನು ಬಿಡಿಸಬೇಕಾದ ಅಗತ್ಯವಿಲ್ಲ.

ಯಾವ ಐಎಸ್‌ಒಗೆ ಯಾವ ತಂತ್ರಾಂಶ ಎಂಬುದೂ ಮುಖ್ಯ. ಹೆಚ್ಚಿನ ಲಿನಕ್ಸ್ ಐಎಸ್‌ಒಗಳನ್ನು ಬೈಟ್‌ಗೆ ಬೈಟ್ ನೇರವಾಗಿ ಬರೆಯಬಹುದು. ವಿಂಡೋಸ್ ಐಎಸ್‌ಒ ಹಾಗೆ ಬರೆದರೆ ಬೂಟ್ ಆಗುವುದಿಲ್ಲ. ಎಚ್ಚರ್‌ನಲ್ಲಿ ಅದನ್ನು ಆಯ್ದರೆ ವಿಭಾಗಪಟ್ಟಿ (ಪಾರ್ಟಿಷನ್ ಟೇಬಲ್) ಇಲ್ಲವೆಂಬ ಎಚ್ಚರಿಕೆ ಬರುವುದು ಇದೇ ಕಾರಣಕ್ಕೆ. ಫೈಲ್ ಕೆಟ್ಟಿದೆ ಎಂದಲ್ಲ. ವಿಂಡೋಸ್‌ಗೆ ರೂಫಸ್ ಅಥವಾ ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ. ಕೈಯಾರೆ ಫ್ಯಾಟ್32 ಪೆನ್‌ಡ್ರೈವ್‌ಗೆ ನಕಲಿಸಲು ಹೋದರೆ ‘ಇನ್‌ಸ್ಟಾಲ್.ವಿಮ್’ ಎಂಬ ಫೈಲ್ 4 ಜಿಬಿ ಮೀರಿರುವುದರಿಂದ ಅಲ್ಲಿಯೇ ತಡೆಯಾಗುತ್ತದೆ.

ಲಿನಕ್ಸ್ ಬರೆದ ಪೆನ್‌ಡ್ರೈವನ್ನು ವಿಂಡೋಸ್‌ಗೆ ಚುಚ್ಚಿದಾಗ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಬಹುದು, ಅಥವಾ 32 ಜಿಬಿಯ ಜಾಗದಲ್ಲಿ ಕೆಲವೇ ಎಂಬಿ ತೋರಿಸಬಹುದು. ಗಾಬರಿಯಾಗಬೇಡಿ, ಬೇಡ ಎನ್ನಿ. ವಿಂಡೋಸ್‌ಗೆ ಆ ವಿಭಾಗಗಳನ್ನು ಓದಲು ಬರುವುದಿಲ್ಲ, ಅಷ್ಟೇ.

ಇನ್ನು ಆ ಹುಡುಗನ ಕಥೆ. ಅವನ ಪೆನ್‌ಡ್ರೈವ್ ಬೂಟ್ ಆಗುತ್ತಿತ್ತು, ಮೆನು ಬರುತ್ತಿತ್ತು, ಇನ್‌ಸ್ಟಾಲ್ ಶುರುವಾಗಿ ನಡುವೆ ನಿಲ್ಲುತ್ತಿತ್ತು. ತೆರೆಯ ಮೇಲೆ ‘ಸ್ಕ್ವಾಷ್‌ಎಫ್‌ಎಸ್’ ಓದಲಾಗುತ್ತಿಲ್ಲ ಎಂಬ ಸಾಲುಗಳು ಉದ್ದಕ್ಕೂ ಓಡುತ್ತಿದ್ದವು. ಲಿನಕ್ಸ್ ಐಎಸ್‌ಒದಲ್ಲಿ ಇಡೀ ವ್ಯವಸ್ಥೆ ಸಂಕುಚಿತವಾಗಿ ಅಡಗಿರುವುದು ಆ ಸ್ಕ್ವಾಷ್‌ಎಫ್‌ಎಸ್ ಫೈಲಿನಲ್ಲಿ. ಐಎಸ್‌ಒ ಹ್ಯಾಶ್ ಸರಿಯಿದ್ದೂ ಈ ಸಾಲು ಬಂದರೆ ಪೆನ್‌ಡ್ರೈವ್ ಅಥವಾ ರ‍್ಯಾಮ್ ಮೇಲೆ ಸಂಶಯ ಪಡಬೇಕು. ಪೆನ್‌ಡ್ರೈವ್ ಮೇಲೆ 64 ಜಿಬಿ ಎಂದು ಬರೆದಿತ್ತು, ಕಂಪ್ಯೂಟರೂ 64 ಎಂದೇ ತೋರಿಸುತ್ತಿತ್ತು. ಎಫ್3 ಎಂಬ ಉಪಕರಣದಿಂದ ಪೂರ್ತಿ ಬರೆದು ಓದಿಸಿದಾಗ ನಿಜ ಹೊರಬಿತ್ತು: ಒಳಗಿದ್ದದ್ದು 4 ಜಿಬಿಗಿಂತ ಕಡಿಮೆ ಜಾಗ. ಇಂಥ ನಕಲಿ ಡ್ರೈವ್‌ಗಳು ತಮ್ಮ ಗಾತ್ರದ ಬಗ್ಗೆ ಸುಳ್ಳು ಹೇಳುತ್ತವೆ. ಜಾಗ ಮುಗಿದ ಮೇಲೆ ಬರೆದದ್ದನ್ನು ಸದ್ದಿಲ್ಲದೆ ಎಸೆಯುತ್ತವೆ, ಇಲ್ಲವೇ ಮೊದಲು ಬರೆದದ್ದರ ಮೇಲೆಯೇ ಬರೆಯುತ್ತವೆ. ಬರೆಯುವ ತಂತ್ರಾಂಶಕ್ಕೆ ಯಾವ ದೋಷವೂ ಕಾಣಿಸುವುದಿಲ್ಲ. ಓದಿ ನೋಡಿದರೆ ಮಾತ್ರ ತಿಳಿಯುತ್ತದೆ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಎಚ್2ಟೆಸ್ಟ್‌ಡಬ್ಲ್ಯು ಇದೆ. ನನ್ನಲ್ಲಿದ್ದ ಒಂದು ಹಳೆಯ 8 ಜಿಬಿ ಪೆನ್‌ಡ್ರೈವ್‌ಗೆ ಅವನ ಅದೇ ಮೂರನೆಯ ಫೈಲನ್ನು ಬರೆದು ಕೊಟ್ಟೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಉಬುಂಟು ಅವನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿತ್ತು.

ಆದ್ದರಿಂದ ಬರೆದ ಮೇಲೆ ಪರಿಶೀಲಿಸುವ ಹಂತವನ್ನು ಬಿಡಬೇಡಿ. ಎಚ್ಚರ್ ತಾನಾಗಿಯೇ ಓದಿ ಹೋಲಿಸುತ್ತದೆ. ಬೇಸರವೆಂದು ಅದನ್ನು ನಡುವೆ ನಿಲ್ಲಿಸಬೇಡಿ. ಲಿನಕ್ಸ್‌ನಲ್ಲಿ ಐಎಸ್‌ಒ ಬರೆಯಲು ‘ಡಿಡಿ’ ಎಂಬ ಆದೇಶ ಬಳಸುವವರು, ಅದು ಬೇಗ ಮುಗಿಯಿತೆಂದು ಪೆನ್‌ಡ್ರೈವ್ ಕಿತ್ತರೆ ಅರ್ಧ ದತ್ತಾಂಶ ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ. ‘ಸಿಂಕ್’ ಎಂಬ ಆದೇಶ ಕೊಟ್ಟು ಅದು ಮುಗಿಯುವವರೆಗೆ ಕಾಯಬೇಕು. ಡಿಡಿಗೆ ಯಾವ ಡಿಸ್ಕ್ ಎಂದು ಹೇಳುವ ಮುನ್ನ ಗಾತ್ರ ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ತಪ್ಪಿ ಹಾರ್ಡ್‌ಡಿಸ್ಕ್ ಹೆಸರು ಕೊಟ್ಟರೆ ಮನೆಯ ಫೋಟೋಗಳೆಲ್ಲ ಹೋಗುತ್ತವೆ, ಅದು ಮರುಪ್ರಶ್ನೆ ಕೇಳುವುದಿಲ್ಲ.

ಯಂತ್ರದ ಕಡೆ

ಫೈಲೂ ಸರಿ, ಪೆನ್‌ಡ್ರೈವೂ ಸರಿ ಎಂದ ಮೇಲೆ ಉಳಿದದ್ದು ಯಂತ್ರ. ಇಲ್ಲಿ ತೆರೆಯ ಮೇಲಿನ ಸಂದೇಶವೇ ದಾರಿ ತೋರಿಸುತ್ತದೆ, ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಎಕ್ಸ್86-64 ಪ್ರೊಸೆಸರ್ ಬೇಕು, ಆದರೆ ಐ686 ಮಾತ್ರ ಕಂಡಿತು ಎಂಬ ಸಂದೇಶ ಬಂದರೆ ಯಂತ್ರ 32 ಬಿಟ್‌ನದು, ಐಎಸ್‌ಒ 64 ಬಿಟ್‌ನದು. ಫೈಲಿನ ಹೆಸರಿನಲ್ಲಿ ‘ಎಎಂಡಿ64’ ಎಂದಿದ್ದರೆ ಅದು ಎಎಂಡಿ ಪ್ರೊಸೆಸರ್‌ಗೆ ಮಾತ್ರ ಎಂದು ತಿಳಿಯಬೇಡಿ, ಇಂಟೆಲ್‌ಗೂ ಅದೇ. ‘ಎಆರ್‌ಎಂ64’ ಎಂಬುದು ಬೇರೆಯೇ ಜಾತಿ; ಸಾಮಾನ್ಯ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಅದು ಬೂಟ್ ಆಗುವುದಿಲ್ಲ.

‘ವೆರಿಫಿಕೇಷನ್ ಫೇಲ್ಡ್’, ‘ಸೆಕ್ಯುರಿಟಿ ವಯೊಲೇಷನ್’ ಎಂದು ನೀಲಿ ಪೆಟ್ಟಿಗೆ ಬಂದರೆ ಅದು ಐಎಸ್‌ಒ ಹ್ಯಾಶ್‌ಗೆ ಸಂಬಂಧಿಸಿದ್ದಲ್ಲ, ಮಾನ್ಯ ಸಹಿಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್‌ಗೆ ಸಂಬಂಧಿಸಿದ್ದು. ವೆಂಟಾಯ್‌ನಲ್ಲಾದರೆ ಅದರ ಕೀಲಿಯನ್ನು ಮೊದಲ ಬೂಟ್‌ನಲ್ಲಿ ನೋಂದಾಯಿಸಬೇಕು. ಸೆಕ್ಯೂರ್ ಬೂಟ್ ಆಫ್ ಮಾಡುವುದಾದರೆ, ಈಗಿರುವ ವಿಂಡೋಸ್‌ನ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಮರುಪ್ರಾಪ್ತಿ ಕೀಲಿಯನ್ನು ಮೊದಲು ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಹಳೆಯ ವಿಂಡೋಸ್ ಒಳಗೆ ಹೋಗಲು ಆ ಕೀಲಿಗಾಗಿ ಪರದಾಡಬೇಕಾಗುತ್ತದೆ.

ವಿಂಡೋಸ್ ಇನ್‌ಸ್ಟಾಲ್ ಶುರುವಾಗಿ ಮೀಡಿಯಾ ಡ್ರೈವರ್ ಇಲ್ಲ ಎಂದು ನಿಲ್ಲುವುದು ದಾರಿ ತಪ್ಪಿಸುವ ಸಂದೇಶ. ಜನ ಗಂಟೆಗಟ್ಟಲೆ ಡ್ರೈವರ್ ಹುಡುಕುತ್ತಾರೆ. ಬಹಳಷ್ಟು ಸಲ ಪೆನ್‌ಡ್ರೈವ್ ಸರಿಯಾಗಿ ಓದಲಾಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಇನ್ನೊಂದು ಯುಎಸ್‌ಬಿ ಪೋರ್ಟ್‌ಗೆ, ಸಾಧ್ಯವಾದರೆ ಹಳೆಯ 2.0 ಪೋರ್ಟ್‌ಗೆ ಚುಚ್ಚಿ ನೋಡಿ. ಆದರೆ ಇನ್‌ಸ್ಟಾಲ್ ಮುಂದೆ ಹೋಗಿ, ಡಿಸ್ಕ್ ಆರಿಸುವ ಪುಟದಲ್ಲಿ ಪಟ್ಟಿ ಖಾಲಿ ಕಂಡರೆ ಅಲ್ಲಿ ಡ್ರೈವರ್ ನಿಜವಾಗಿಯೂ ಬೇಕು. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಎಸ್‌ಎಸ್‌ಡಿ ಅವಿತಿರುತ್ತದೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಬಿಡಿಸಿ, ಅದೇ ಪೆನ್‌ಡ್ರೈವ್‌ನ ಒಂದು ಫೋಲ್ಡರಿನಲ್ಲಿಟ್ಟು ‘ಲೋಡ್ ಡ್ರೈವರ್’ ಒತ್ತಿದರೆ ಡಿಸ್ಕ್ ಕಾಣಿಸುತ್ತದೆ.

ಫೈಲುಗಳನ್ನು ನಕಲಿಸುವ ಹಂತದಲ್ಲಿ 0ಎಕ್ಸ್80070570 ಎಂಬ ಸಂಖ್ಯೆ ಬಂದರೆ ಓದಿದ ಫೈಲ್ ಕೆಟ್ಟಿದೆ ಎಂದರ್ಥ. ಐಎಸ್‌ಒ ಹ್ಯಾಶ್ ಆಗಲೇ ಹೊಂದಿದೆ, ಬೇರೆ ಪೆನ್‌ಡ್ರೈವ್‌ನಲ್ಲೂ ಅದೇ ಸಂಖ್ಯೆ ಬರುತ್ತಿದೆ ಎಂದರೆ ಈಗ ಪರೀಕ್ಷಿಸಬೇಕಾದದ್ದು ಆ ಯಂತ್ರದ ರ‍್ಯಾಮ್ ಮತ್ತು ಹಾರ್ಡ್‌ಡಿಸ್ಕ್. ರಾತ್ರಿ ಮಲಗುವ ಮುನ್ನ ಮೆಮ್‌ಟೆಸ್ಟ್86+ ಶುರು ಮಾಡಿ, ಚಾರ್ಜರ್ ಚುಚ್ಚಿಯೇ ಇಟ್ಟಿರಿ. ಬೆಳಗ್ಗೆ ಎದ್ದು ತೆರೆಯ ಮೇಲೆ ಕೆಂಪು ಸಾಲು ಒಂದೂ ಕಾಣದಿದ್ದರೆ ಹಾರ್ಡ್‌ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ತೆರೆಯಿರಿ. ಇಷ್ಟೆಲ್ಲ ನಡೆಯುವಾಗ ಐಎಸ್‌ಒ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಇದ್ದಲ್ಲೇ ಇರಲಿ.